ಪಂಡಿತರ ಪುಟ ತಿದ್ದಿದ ಪೇಂಟರ್

ಅಂಗಡಿಗಳಿಗೆ ಬೋರ್ಡ್ ಬರೆಯುವ ಪೇಂಟರ್ ಶಾಲೆ ಬಿಟ್ಟದ್ದು ಆರನೇ ತರಗತಿಗೆ. ಬ್ರಷ್ಷಿಗೆ ಕೆಲಸ ಕಡಿಮೆಯಾದಾಗ ಕಂಪ್ಯೂಟರ್ ಮುಂದೆ ಕೂತು, ನಾಲ್ಕು ಸಾಲು ಬರೆದರೆ ಪರದೆಯ ಮೇಲೆ ಚಿತ್ರ ಬಿಡಿಸಿಕೊಡುವ ಒಂದು ಗ್ರಾಫಿಕ್ಸ್ ಲೈಬ್ರರಿಯನ್ನು ತಿಂಗಳುಗಟ್ಟಲೆ ತಲೆ ಚಚ್ಚಿಕೊಂಡು ಕಲಿತ. ಅದು ಬಿಟ್ಟಿ; ಯಾರು ಬೇಕಾದರೂ ಬಳಸಬಹುದು, ತಿದ್ದಲೂಬಹುದು. ತಿದ್ದಲು ಹೋದವರಿಗೆ ಮಾತ್ರ ಅದನ್ನು ಕಟ್ಟಿದ ಪಂಡಿತರ ಮೂಗು ಎಷ್ಟು ಮೇಲಿದೆ ಎಂದು ತಿಳಿಯುತ್ತಿತ್ತು.

ಲೈಬ್ರರಿಯನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವುದು ಹೇಗೆಂದು ಪಂಡಿತರು ಇಂಟರ್‌ನೆಟ್ಟಿನಲ್ಲಿ ಒಂದು ಪುಟ ಬರೆದಿದ್ದರು. ಅದನ್ನು ನಂಬಿ ಪೇಂಟರನ ತಮ್ಮ ಹದಿನೈದು ದಿನ ಒದ್ದಾಡಿದ. ಏಣಿಯಿಂದ ಬಿದ್ದು ಕಾಲು ಮುರಿದುಕೊಂಡವನಿಗೆ ಕೂತು ಮಾಡುವ ಕೆಲಸ ಅದೊಂದೇ ಉಳಿದಿತ್ತು. ಕೊನೆಗೆ, “ನಾನು ದಡ್ಡ ಅಣ್ಣ, ನನ್ ತಲೆಗೆ ಹತ್ತಲ್ಲ” ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ.

ಪೇಂಟರಿಗೆ ರಕ್ತ ಕುದಿಯಿತು. ಪುಟವನ್ನು ಸಾಲುಸಾಲಾಗಿ ಜಾಲಾಡಿದ. ಬರೆದದ್ದನ್ನು ಯಂತ್ರಕ್ಕೆ ಅರ್ಥ ಮಾಡಿಸುವ ಕಂಪೈಲರನ್ನು ಮೊದಲು ಹಾಕಿಕೊಳ್ಳಿ ಎಂಬ ಮಾತೇ ಅದರಲ್ಲಿರಲಿಲ್ಲ! ತಾನು ಕಲಿಯುವಾಗ ಅದನ್ನು ಯಾರನ್ನೋ ಕೇಳಿ ಹಾಕಿಸಿಕೊಂಡದ್ದು ಪೇಂಟರಿಗೆ ಈಗ ನೆನಪಾಯಿತು. ಪಂಡಿತರ ಯಂತ್ರಗಳಲ್ಲಿ ಅದು ವರ್ಷಗಳಿಂದ ಇತ್ತು. ಹೊಟ್ಟೆ ತುಂಬಿದವನಿಗೆ ಹಸಿವು ಎಲ್ಲಿ ತಿಳಿದೀತು? ಬಿಟ್ಟುಹೋದದ್ದನ್ನು ಬರೆದು ಪಂಡಿತರಿಗೆ ಕಳಿಸಿದ. “ಇದು ಎಲ್ಲರಿಗೂ ಗೊತ್ತಿರುವ ವಿಷಯ” ಎಂದು ವಾಪಸ್ ಬಂತು.

ಶನಿವಾರ ಪಂಡಿತರು ಸೇರುವ ಮಹಡಿ ಕೋಣೆಗೆ, ಎಲ್ಲವನ್ನೂ ಅಳಿಸಿದ ಖಾಲಿ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು ಪೇಂಟರ್ ಹೋದ.

“ನಿಮ್ ಪುಟ ನೋಡ್ಕೊಂಡು ಇದಕ್ಕೆ ಹಾಕಿ ಸ್ವಾಮಿ. ಪುಟದಲ್ಲಿ ಇಲ್ದೇ ಇರೋದು ಒಂದಕ್ಷರಾನೂ ಒತ್ತಬಾರ್ದು.”

“ಐದು ನಿಮಿಷದ ಕೆಲ್ಸ ಕಣ್ರೀ,” ಎಂದು ದೊಡ್ಡ ಪಂಡಿತ ತೋಳೇರಿಸಿದ.

ಮೂರನೇ ಹೆಜ್ಜೆಗೆ ಪರದೆಯ ತುಂಬ ತಪ್ಪು ತೋರಿಸುವ ಕೆಂಪಕ್ಷರ. ಇನ್ನೊಮ್ಮೆ ಮಾಡಿದ; ಮತ್ತೆ ಕೆಂಪು. ಉಳಿದ ಐವರು ಹಿಂದೆ ನಿಂತು ಕತ್ತು ಚಾಚಿದರು. ಒಬ್ಬ ನೆಟ್‌ವರ್ಕನ್ನು ಬೈದ, ಇನ್ನೊಬ್ಬ ಲ್ಯಾಪ್‌ಟಾಪನ್ನು ಬೈದ. ಪುಟವನ್ನು ಯಾರೂ ಬೈಯಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದಲ್ಲವೇ!

“ಅಯ್ಯೋ, ಇದ್ರಲ್ಲಿ ಕಂಪೈಲರೇ ಇಲ್ವಲ್ರೀ!” ಎಂದ ಕೊನೆಗೆ ದೊಡ್ಡ ಪಂಡಿತ.

“ಎಲ್ಲರಿಗೂ ಗೊತ್ತಿರೋ ವಿಷ್ಯ, ನಿಮ್ಗೆ ಗೊತ್ತಾಗೋಕೆ ಮುಕ್ಕಾಲು ಗಂಟೆ ಹಿಡೀತು. ಈಗ ಸೇರಿಸ್ತೀರೋ, ಇಲ್ಲೇ ಚಾಪೆ ಹಾಸ್ಲೋ?”

ಸೇರಿಸಿದರು, ಪೇಂಟರ್ ಬರೆದದ್ದನ್ನೇ, ಒಂದಕ್ಷರ ಬಿಡದೆ. ಸೇರಿಸದೆ ಏನು ಮಾಡಿಯಾರು, ಕುರ್ಚಿಯ ಹಿಂದೆ ಅವನು ಕಂಬದ ಹಾಗೆ ನಿಂತಿದ್ದ. ಹೊಸ ಪುಟವನ್ನು ಕಣ್ಣಾರೆ ಕಂಡ ಮೇಲೆ ಅಲ್ಲಿಂದಲೇ ತಮ್ಮನಿಗೆ ಫೋನ್ ಹಚ್ಚಿದ.

“ಲೋ, ಪುಟ ತಿದ್ಸಿದೀನಿ, ಎದ್ದು ಕೂತ್ಕೋ. ನಿನ್ ತಲೆ ನೆಟ್ಟಗೇ ಇದೆ. ತಲೆ ಇಲ್ದೋರು ಇಲ್ಲಿ ಆರು ಜನ ನಿಂತಿದಾರೆ. ಬೇಕಾದ್ರೆ ಹೇಳು, ಒಬ್ಬೊಬ್ಬರ ಕೈಗೂ ಫೋನ್ ಕೊಡ್ತೀನಿ!”