ಅಕ್ಕನ ಓರೆ ಹಲ್ಲು

ಅವನನ್ನು ಎಲ್ಲರೂ ಟಚಪ್ ಅಂತಲೇ ಕರೆಯುವುದು. ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಪಿಂಗಾಣಿ ಹಲ್ಲಿಗೆ ಬಣ್ಣ ಹಚ್ಚುವವನಿಗೆ ಇದೆಂಥ ಹೆಸರಪ್ಪ ಎಂದು ಹೊಸಬರು ಕೇಳುವುದುಂಟು. ಅದು ಫೋಟೋ ಸ್ಟುಡಿಯೋ ಕಾಲದ ಹೆಸರು. ಕಂಪ್ಯೂಟರು ಬರುವ ಮುಂಚೆ, ನಾಲ್ಕೇ ನಾಲ್ಕು ಕೂದಲಿನ ಕುಂಚ ಹಿಡಿದು ಊರವರ ಮಚ್ಚೆ, ಮೊಡವೆ, ಕಣ್ಣಡಿಯ ಕಪ್ಪು ಎಲ್ಲವನ್ನೂ ಅಳಿಸಿ, ಅವರವರ ಆಸೆಯ ಮುಖವನ್ನು ಅವರವರಿಗೆ ಕೊಡುತ್ತಿದ್ದವನು ಇವನೇ. ಗುರುತಿನ ಚೀಟಿಯಲ್ಲಿ ಇವನು ತಿದ್ದಿದ ಮುಖ ನೋಡಿ, ಇದು ನೀನಲ್ಲ ಹೋಗಯ್ಯ ಎಂದು ಕಾರ್ಖಾನೆಯ ಕಾವಲಿನವನು ಒಬ್ಬನನ್ನು ಗೇಟಿನಲ್ಲೇ ನಿಲ್ಲಿಸಿಬಿಟ್ಟಿದ್ದನಂತೆ. ಟಚಪ್ ಇದನ್ನು ಇವತ್ತಿಗೂ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾನೆ, ನಾಚಿಕೆ ಅನ್ನುವುದು ಇದ್ದರೆ ತಾನೆ.

ಸ್ಟುಡಿಯೋ ಮುಚ್ಚಿದ ಮೇಲೆ ಅವನಿಗೆ ಕೆಲಸ ಕೊಟ್ಟವರು ಈ ಹಲ್ಲಿನ ಆಸ್ಪತ್ರೆಯ ಡಾಕ್ಟರಮ್ಮ. ಅವರು ಆಗಷ್ಟೇ ಹೊಸ ಯಂತ್ರ ತರಿಸಿದ್ದರು. ಬಾಯೊಳಗೆ ಪುಟ್ಟ ಕ್ಯಾಮೆರಾ ಆಡಿಸಿದರೆ ಹಲ್ಲಿನ ಅಳತೆ ಪರದೆಯ ಮೇಲೆ ಬರುತ್ತದೆ, ಅದನ್ನು ನೋಡಿಕೊಂಡು ಯಂತ್ರ ಪಿಂಗಾಣಿಯ ಗಟ್ಟಿಯನ್ನು ಕೊರೆದು ಕ್ಯಾಪ್ ಕೊಡುತ್ತದೆ. ಕೊಡುವುದೇನೋ ಸರಿ. ಆದರೆ ಹೊರಬರುವುದು ನೇರಳೆ ಬಣ್ಣದ, ಪಕ್ಕದಲ್ಲೊಂದು ತೊಟ್ಟಿರುವ, ಮೊದ್ದು ಮೊದ್ದಾದ ಒಂದು ತುಂಡು. ತೊಟ್ಟನ್ನು ಉಜ್ಜಿ ತೆಗೆದು, ಅಂಚು ತೆಳುವಾಗಿಸಿ, ಮೈಮೇಲೆ ನಿಜವಾದ ಹಲ್ಲಿಗಿರುವ ಗೆರೆ ತಗ್ಗುಗಳನ್ನು ಮೂಡಿಸಬೇಕು. ಬುಡಕ್ಕೆ ಒಂದಿಷ್ಟು ಹಳದಿ, ತುದಿಗೆ ಬೂದು ನೀಲಿಯ ನೆರಳು ಕೊಡಬೇಕು. ಮೇಲೆ ಹೊಳಪು ಸವರಿ ಕುಲುಮೆಯಲ್ಲಿಟ್ಟರೆ ಆಗ ನೇರಳೆ ಹೋಗಿ ಹಲ್ಲಿನ ಬಣ್ಣ ಬರುತ್ತದೆ. ಹಚ್ಚುವಾಗ ಕಂಡ ಬಣ್ಣ ಬೆಂದ ಮೇಲೆ ಇರುವುದಿಲ್ಲ, ಬೆಂದ ಮೇಲಿನದನ್ನು ಹಚ್ಚುವಾಗಲೇ ಊಹಿಸಬೇಕು. ಟಚಪ್‌ಗೆ ಇದು ನೀರು ಕುಡಿದಷ್ಟು ಸಲೀಸಾಯಿತು. ರೋಗಿ ಕುರ್ಚಿಯಲ್ಲಿ ಕೂತ ಕೂಡಲೇ ಮಾದರಿ ಹಲ್ಲುಗಳ ಪಟ್ಟಿ ಹಿಡಿದು ಓಡಿಬರುತ್ತಿದ್ದ. ಬಾಯಿ ಬಹಳ ಹೊತ್ತು ತೆರೆದಿದ್ದರೆ ಹಲ್ಲು ಒಣಗಿ ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ, ಅದನ್ನು ನಂಬಿ ಬಣ್ಣ ಹಚ್ಚಿದರೆ ಕೆಟ್ಟೆವು ಎಂದು ಡಾಕ್ಟರಮ್ಮ ಹೇಳಿಕೊಟ್ಟಿದ್ದರು.

ಇಂಥವನಿಗೆ ಒಬ್ಬ ಅಕ್ಕ. ಅಮ್ಮ ತೀರಿಕೊಂಡಾಗ ಅಕ್ಕ ಇನ್ನೂ ಶಾಲೆಯ ಹುಡುಗಿ, ಇವನು ಅಂಬೆಗಾಲಿಡುವ ಮಗು. ಅಪ್ಪ ಇದ್ದೂ ಇಲ್ಲದ ಹಾಗೆ. ಹೀಗಾಗಿ ಇವನಿಗೆ ಅನ್ನ ಹಾಕಿದ್ದು, ಮೂಗು ಒರೆಸಿದ್ದು, ಬೆನ್ನಿಗೆ ಗುದ್ದಿದ್ದು ಎಲ್ಲ ಅಕ್ಕನೇ. ಆಮೇಲೆ ಅವಳು ಬಸ್ ಡಿಪೋದಲ್ಲಿ, ಪ್ರಯಾಣಿಕರು ಮರೆತು ಹೋದ ಸಾಮಾನು ಹಿಂತಿರುಗಿಸುವ ಕೌಂಟರಿನಲ್ಲಿ ಕೂತಳು. ಕೊಡೆ ಕಳೆದುಕೊಂಡವರಿಗೆ ಕೊಡೆಯ ಜತೆ ಬೈಗುಳವೂ ಸಿಗುತ್ತಿತ್ತು. ನಿವೃತ್ತಿಯಾದ ಮೇಲೆ ಆ ಬೈಗುಳವೆಲ್ಲ ತಮ್ಮನ ಪಾಲಿಗೇ ಬಂತು. ಮನೆಯ ಕೆಳಗಡೆ ಅಕ್ಕ, ಮೇಲುಗಡೆ ಇವನು ಮತ್ತು ಹೆಂಡತಿ. ಚಪ್ಪಲಿ ಅಡ್ಡಾದಿಡ್ಡಿ ಬಿಟ್ಟದ್ದಕ್ಕೆ, ನಲ್ಲಿ ಸರಿಯಾಗಿ ತಿರುಗಿಸದ್ದಕ್ಕೆ, ಏನೂ ಸಿಗದಿದ್ದರೆ ಸೊರಗಿದ್ದಕ್ಕೆ, ಬೆಳಿಗ್ಗೆ ಒಂದು ಸಲ ಬೈಸಿಕೊಂಡೇ ಅವನು ಕೆಲಸಕ್ಕೆ ಹೊರಡುತ್ತಿದ್ದದ್ದು.

ಅಕ್ಕನ ಮೇಲಿನ ಸಾಲಿನಲ್ಲಿ, ಎಡಗಡೆ, ಒಂದು ಹಲ್ಲು ಪಕ್ಕದ ಹಲ್ಲಿನ ಹೆಗಲೇರಿ ಓರೆಯಾಗಿ ಬೆಳೆದಿತ್ತು. ಕೂದಲಿನ ಕ್ಲಿಪ್ಪನ್ನು ಹಲ್ಲಲ್ಲಿ ಕಚ್ಚಿ ಬಿಡಿಸಲು ಹೋದಾಗ ಆ ಹಲ್ಲು ಅರ್ಧಕ್ಕೆ ಮುರಿಯಿತು. ಬೇರಿಗೆ ಮದ್ದು ಮಾಡಿ, ಮುರಿದ ಹಲ್ಲನ್ನು ತೇಯ್ದು, ಅಳತೆ ತೆಗೆದು ಡಾಕ್ಟರಮ್ಮ ಪರದೆ ಕಡೆ ತಿರುಗಿದರು. ಮೊದಲಿದ್ದ ಹಾಗೆ ಓರೆಯಾಗಿಯೇ ಇಡುವುದೋ, ನೇರ ಮಾಡುವುದೋ ಎಂದು ಕೇಳಿದರು. ಅಕ್ಕನ ಬಾಯಿ ತುಂಬ ಹತ್ತಿ. ಅವಳು ಕೈಯೆತ್ತಿ ಏನೋ ಸನ್ನೆ ಮಾಡಿದಳು. ಅಷ್ಟರಲ್ಲಿ ಟಚಪ್ಪೇ ಬಾಯಿ ಹಾಕಿ, ಇದೇನು ಕೇಳುವ ಮಾತೇ, ನೇರ ಮಾಡಿ ಎಂದುಬಿಟ್ಟ. ಅವನ ಮನಸ್ಸಿನಲ್ಲಿ ಪ್ರೀತಿಯಲ್ಲದೆ ಬೇರೇನಿರಲಿಲ್ಲ. ಸಾಕಿದ ಅಕ್ಕನಿಗೆ ತನ್ನ ಕೈಯಾರೆ ಚೆಂದದ ಹಲ್ಲೊಂದನ್ನು ಕೊಡುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ?

ಅವನು ತನ್ನ ಜನ್ಮದಲ್ಲೇ ಅಂಥ ಹಲ್ಲು ಮಾಡಿರಲಿಲ್ಲ. ಯಾವುದು ಹುಟ್ಟಿದ್ದು, ಯಾವುದು ಇಟ್ಟದ್ದು ಎಂದು ಡಾಕ್ಟರಮ್ಮನೇ ಎರಡು ಸಲ ನೋಡಿದರು. ಅಂಟಿಸಿದ ಮೇಲೆ ಅಕ್ಕ ಕನ್ನಡಿ ನೋಡಿಕೊಂಡು, ಚೆನ್ನಾಗಿದೆ ಕಣೋ ಎಂದಳು.

ಅಲ್ಲಿಗೆ ಮನೆಯಲ್ಲಿ ಬೈಗುಳ ನಿಂತಿತು. ಮೊದಮೊದಲು ಟಚಪ್‌ಗೆ ಹಾಯೆನಿಸಿತು. ಒಂದು ದಿನ ಅವನು ನೀರಿನ ಪಂಪು ಹಾಕಿ ಮರೆತು, ಟ್ಯಾಂಕ್ ತುಂಬಿ, ನೀರೆಲ್ಲ ಮೆಟ್ಟಿಲಿಳಿದು ಅಕ್ಕನ ಕೋಣೆಗೇ ನುಗ್ಗಿತು. ಅಕ್ಕ ಬಟ್ಟೆ ತಂದು ಒರೆಸಿ, ಹೋಗ್ಲಿ ಬಿಡು ಎಂದಳು. ಅಕ್ಕನ ಬಾಯಲ್ಲಿ ಹೋಗ್ಲಿ ಬಿಡು ಎಂಬ ಮಾತು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹೆಂಡತಿಯೂ ಅದನ್ನೇ ಹೇಳಿದಳು, ಅಕ್ಕ ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ, ಕನ್ನಡಿಯನ್ನು ಬೀರುವಿನ ಮೇಲಕ್ಕೆ ಹಾಕಿದ್ದಾಳೆ, ಏನಾಗಿದೆ ಕೇಳಿ ಎಂದು.

ಕ್ಯಾಪ್ ಒತ್ತುತ್ತಿದೆಯೇ, ಕಚ್ಚುವಾಗ ನೋವೇ, ಬಣ್ಣ ಸರಿಬಂದಿಲ್ಲವೇ, ಅವನು ಕೇಳಿದ್ದಕ್ಕೆಲ್ಲ ಇಲ್ಲ ಎಂದೇ ಉತ್ತರ. ಕಡೆಗೆ ಅಡುಗೆಮನೆಯಲ್ಲಿ ಅವಳೆದುರು ನೆಲದ ಮೇಲೆ ಕೂತುಬಿಟ್ಟ. ಹೇಳದೆ ಏಳುವುದಿಲ್ಲ ಎಂದ.

ಅಕ್ಕ ಒಲೆ ಆರಿಸಿದಳು.

"ಅದು ಅಮ್ಮನ ಹಲ್ಲು ಕಣೋ. ಅಮ್ಮಂಗೂ ಅಲ್ಲೇ, ಹಾಗೇ ಇತ್ತು. ದಿನಾ ಕನ್ನಡಿ ಮುಂದೆ ನಿಂತ್ರೆ ಅವಳೂ ಬಂದು ನಿಲ್ತಿದ್ಲು. ಈಗ ನಾನೊಬ್ಬಳೇ ಇರ್ತೀನಿ."

ಅಮ್ಮನ ಫೋಟೋದಲ್ಲಿ ಅಂಥ ಹಲ್ಲಿಲ್ಲವಲ್ಲ ಎಂದು ಅವನು ತೊದಲಿದ.

"ಇತ್ತು. ತುಟಿ ಮೇಲೆ ಸ್ವಲ್ಪ ಕಾಣೋದು. ಸ್ಟುಡಿಯೋ ಸೇರಿದ ಹೊಸದರಲ್ಲಿ ನೀನೇ ತಿದ್ದಿದ್ದು. ಎಷ್ಟು ಖುಷಿಯಾಗಿ ತಂದು ತೋರಿಸ್ದೆ ಅಂದ್ರೆ, ಏನು ಹೇಳ್ಲಿ ನಿಂಗೆ? ನನ್ನ ಬಾಯಲ್ಲಿದೆಯಲ್ಲ ಅಂತ ಸುಮ್ಮನಾದೆ."

ಅವನಿಗೆ ನೆನಪೇ ಇರಲಿಲ್ಲ. ಮನೆಯಲ್ಲಿದ್ದ ಅಮ್ಮನ ಒಂದೇ ಒಂದು ಫೋಟೋ, ಅದರಲ್ಲಿ ತುಟಿಯ ಮೇಲಿನ ಒಂದು ಬಿಳಿ ಚುಕ್ಕೆ. ಕಲೆ ಎಂದುಕೊಂಡು ಕುಂಚದ ತುದಿಯಿಂದ ಒರೆಸಿ ಹಾಕಿರಬೇಕು, ಹತ್ತರಲ್ಲಿ ಹನ್ನೊಂದು ಎಂಬಂತೆ. ಅಮ್ಮನ ಮುಖ ಅವನಿಗೆ ಗೊತ್ತಿದ್ದದ್ದೇ ಆ ಫೋಟೋದಿಂದ, ಅದೂ ಅವನೇ ಮಾಡಿಕೊಂಡ ಮುಖ. ಪಾಪ, ಅವನು ಅವತ್ತು ಊಟ ಮಾಡಲಿಲ್ಲ.

ಮಾರನೆಯ ದಿನ ಡಾಕ್ಟರಮ್ಮನ ಮುಂದೆ ಎಲ್ಲ ಹೇಳಿಕೊಂಡ. ಬಾಯಿಗೆ ಹತ್ತಿ ತುರುಕಿ ಪ್ರಶ್ನೆ ಕೇಳಿದ ತನ್ನದೂ ತಪ್ಪೇ ಎಂದು ಅವರು ನೊಂದುಕೊಂಡರು. ಆದರೆ ಅಂಟಿಸಿದ ಕ್ಯಾಪನ್ನು ಕೊಯ್ದೇ ತೆಗೆಯಬೇಕು, ಒಳಗೆ ಉಳಿದಿರುವ ಹಲ್ಲು ತೆಳು, ಇದೊಂದು ಸಲ ತಡೆದೀತು, ಇನ್ನೊಂದು ಸಲ ಕೈಹಾಕಿದರೆ ಬೇರು ಸಮೇತ ಹೋಗುತ್ತದೆ ಎಂದೂ ಖಂಡಿತವಾಗಿ ಹೇಳಿದರು. ಮುರಿದ ದಿನ, ಹಲ್ಲು ತೇಯುವ ಮುಂಚೆ ತೆಗೆದಿದ್ದ ಅಳತೆಯೂ ಕಂಪ್ಯೂಟರಿನಲ್ಲಿತ್ತು. ಅದರಲ್ಲಿ ಹಲ್ಲು ಎತ್ತ ವಾಲಿತ್ತು ಎಂಬುದು ಸಿಕ್ಕಿತು. ತುದಿ ಎಷ್ಟು ಮುಂದೆ ಬಂದಿತ್ತು, ಎಲ್ಲಿ ಮೊನಚಾಗಿತ್ತು ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಅಕ್ಕನಿಗೂ ಕಣ್ಣಿಗೆ ಕಟ್ಟುವಂತೆ ಹೇಳಲಾಗಲಿಲ್ಲ.

"ಕೇಳಿದ್ರೆ ಹೇಳೋಕ್ಕಾಗಲ್ಲ. ನಾಲಿಗೆಗೆ ಗೊತ್ತು" ಎಂದಳು.

ಹಾಗಾಗಿ ನಾಲಿಗೆಯನ್ನೇ ನಂಬಿ ಕೆಲಸ ಶುರುವಾಯಿತು. ಹಳೆಯ ಕ್ಯಾಪ್ ಕೊಯ್ದು ತೆಗೆದರು. ಯಂತ್ರ ಕೊರೆದುಕೊಟ್ಟ ನೇರಳೆ ತುಂಡನ್ನು, ಬೇಯಿಸುವ ಮುಂಚೆಯೇ, ಡಾಕ್ಟರಮ್ಮ ಜೋಪಾನವಾಗಿ ಅಕ್ಕನ ಬಾಯಲ್ಲಿಟ್ಟು ಹಿಡಿದರು. ಈ ಸಲ ಹತ್ತಿ ಗಿತ್ತಿ ಏನಿಲ್ಲ. ಅಕ್ಕ ಕಣ್ಣು ಮುಚ್ಚಿ ನಾಲಿಗೆಯಾಡಿಸಿ, ಒಳಗಡೆ ದಪ್ಪವಾಯಿತು ಎನ್ನುವಳು. ಟಚಪ್ ಒಳಕ್ಕೆ ಹೋಗಿ ಒಂದು ಕೂದಲೆಳೆಯಷ್ಟು ಉಜ್ಜಿ ತರುವನು. ಇಲ್ಲೊಂದು ಮೂಲೆಯಿತ್ತು, ನಾಲಿಗೆಗೆ ಚುರುಕ್ಕೆನ್ನುತ್ತಿತ್ತು ಎನ್ನುವಳು. ಉಜ್ಜಿದ್ದನ್ನು ಮತ್ತೆ ಸೇರಿಸಲು ಬರುವುದಿಲ್ಲ. ಮೊದಲ ತುಂಡನ್ನು ಅವನ ಕೈ ಅಭ್ಯಾಸಬಲದಿಂದ ದುಂಡಗೆ ಮಾಡಿಬಿಟ್ಟಿತು, ಹೊಸ ಗಟ್ಟಿ ಹಾಕಿ ಮತ್ತೆ ಮೊದಲಿಂದ ಶುರು. ಎರಡನೆಯದರಲ್ಲಿ ಮೂಲೆಯ ಹತ್ತಿರ ಬಂದಾಗಲೆಲ್ಲ ಕೈಯನ್ನು ಬೈದುಕೊಂಡು ನಿಲ್ಲಿಸಿದ. ಜೀವಮಾನವಿಡೀ ಅಳಿಸಿದ್ದನ್ನು ಈಗ ಬೇಕೆಂದೇ ಮೂಡಿಸಬೇಕಾಗಿತ್ತು. ಬುಡಕ್ಕೆ ಹಳದಿ ಧಾರಾಳವಾಗಿ ಕೊಟ್ಟ. ಪಕ್ಕದ ಹಲ್ಲಿಗೆ ತಾಗುವಲ್ಲಿ ಕಂದು ಗೆರೆ ಎಳೆಯುವಾಗ ಕಣ್ಣು ಮಂಜಾಗಿ ಕನ್ನಡಕ ತೆಗೆದು ಒರೆಸಿಕೊಂಡ.

ಕುಲುಮೆಯಿಂದ ತೆಗೆದು, ಆರಿಸಿ, ಅಂಟಿಸಿದರು. ಡಾಕ್ಟರಮ್ಮ ಕನ್ನಡಿಯನ್ನು ಅಕ್ಕನ ಕೈಗೆ ಕೊಟ್ಟು ಹೊರಗೆ ಹೋದರು. ಅಕ್ಕ ಬಹಳ ಹೊತ್ತು ನೋಡಿದಳು. ನಾಲಿಗೆ ಒಮ್ಮೆ ಹಲ್ಲಿನ ಮೇಲೆ ಹೋಗಿ ಬಂತು.

"ಹೂಂ. ಬಂದ್ಲು" ಎಂದಳು.

ಟಚಪ್ ಬಗ್ಗಿ ಅವಳ ಮುಖವನ್ನೇ ನೋಡಿದ. ಅವನಿಗೆ ಅಕ್ಕನೇ ಕಾಣುತ್ತಿದ್ದಳು, ಬೇರೆ ಯಾರೂ ಕಾಣಲಿಲ್ಲ. ಅಮ್ಮ ನಗುವಾಗ ಹೇಗೆ ಕಾಣುತ್ತಿದ್ದಳು, ಒಂದು ಸಲ ನಕ್ಕು ತೋರಿಸು ಎಂದು ಬೇಡಿಕೊಂಡ.

"ಅಮ್ಮ ಎಲ್ಲಿ ನಗ್ತಿದ್ಲೋ? ಬೈಯೋವಾಗ ಕಾಣ್ತಿತ್ತು ಈ ಹಲ್ಲು."

"ಹಾಗಾದ್ರೆ ಬೈ."

ಅಕ್ಕ ಅವನನ್ನೇ ಒಂದು ಗಳಿಗೆ ದಿಟ್ಟಿಸಿದಳು. ಕನ್ನಡಿ ಮಡಿಲಿಗೆ ಬಿತ್ತು.

"ಇದ್ದದ್ದೊಂದು ಫೋಟೋ, ಅದನ್ನ ಹಾಳು ಮಾಡ್ದೆ. ನನ್ನ ಬಾಯಲ್ಲಿ ಉಳಿದಿದ್ದನ್ನೂ ಒರೆಸಿ ಹಾಕೋಕೆ ಹೊರಟೆ. ಯಾರೋ ನಿನ್ನ ಕೇಳಿದ್ದು, ನಮ್ಮಮ್ಮನ್ನ ಚೆಂದ ಮಾಡು ಅಂತ? ಅವಳು ಚೆಂದ ಇರ್ಲಿಲ್ವೇನೋ?"

ಮೇಲ್ದುಟಿ ಎಡಗಡೆ ಮೇಲೆದ್ದು ಓರೆ ಹಲ್ಲು ಪೂರ್ತಿ ಹೊರಬಂತು. ಮುಂದಿನ ಮಾತುಗಳು ಟಚಪ್‌ನ ಕಿವಿಗೆ ಬೀಳಲಿಲ್ಲ. ಕುರ್ಚಿಯ ಕೈ ಹಿಡಿದುಕೊಂಡು ಆ ಬಾಯನ್ನೇ ನೋಡುತ್ತ ನಿಂತಿದ್ದ. ಕೆನ್ನೆಯ ಮೇಲೆ ನೀರಿಳಿಯುತ್ತಿದ್ದದ್ದೂ ಅವನಿಗೆ ತಿಳಿಯಲಿಲ್ಲ. ಅಕ್ಕನಿಗೆ ಗಾಬರಿಯಾಗಿ ಮಾತು ನಿಂತಿತು.

"ನಿಲ್ಲಿಸ್ಬೇಡ ಅಕ್ಕ" ಎಂದ. "ಇನ್ನೂ ಸ್ವಲ್ಪ ಬೈ."