ಹೌಸಾಬಾಯಿಯ ಹಿಮ್ಮಡಿ

ಪೇಟೆಯ ಕಣ್ಣಿನಿಂದ ನೋಡಿದರೆ ಹೌಸಾಬಾಯಿ ಎರಡನೇ ದರ್ಜೆಯ ಮಾಲು. ಮೋಟು ಗಾತ್ರ, ಒಣಗಿದ ತೊಗಲು, ಹೊಳಪು ಸೊನ್ನೆ, ತೂಕ ಒಂದು ಚೀಲ ಅರಿಸಿನಕ್ಕಿಂತ ಕಡಿಮೆ. ಮುರಿದು ನೋಡಿದರಷ್ಟೇ ಒಳಗಿನ ಬಣ್ಣ ತಿಳಿಯುವ ಜಾತಿ. ನಾವು ಸಾಂಗ್ಲಿಯ ವ್ಯಾಪಾರಿಗಳು ಅರಿಸಿನದ ಕೊಂಬನ್ನು ಮುರಿಯದೆ ಕೊಳ್ಳುವವರಲ್ಲ. ಈಕೆಯನ್ನು ಮಾತ್ರ ಮೂವತ್ತು ವರ್ಷ ಬರೀ ಹೊರಗಿನಿಂದ ನೋಡಿ ಸುಮ್ಮನಿದ್ದೆವು.

ಹರಿಪುರದ ಹೊಳೆದಂಡೆಯ ಬಯಲಿನಡಿ ನಮ್ಮ ಸಂಘದ ನೂರಾ ನಲವತ್ತು ಹಗೇವುಗಳಿವೆ, ಏಣಿ ಹಾಕಿ ಇಳಿಯುವಷ್ಟು ಆಳದ ದಾಸ್ತಾನು ಗುಂಡಿಗಳು. ಅರಿಸಿನ ತುಂಬಿ, ಬಾಯಿ ಮುಚ್ಚಿ, ಮಣ್ಣು ಸಮ ಮಾಡಿಬಿಟ್ಟರೆ ಕಳ್ಳನಿಗೂ ತಿಳಿಯದು, ಹುಳಕ್ಕೂ ತಿಳಿಯದು, ಮಾಲೀಕನಿಗಂತೂ ತಿಳಿಯದು. ಯಾವ ಹಗೇವು ಎಲ್ಲಿದೆ ಎಂಬುದೆಲ್ಲ ಕಾವಲಿನ ಹೌಸಾಬಾಯಿಯ ತಲೆಯಲ್ಲಿತ್ತು.

ಸಂಘದ ಹೊಸ ಕಾರ್ಯದರ್ಶಿ ಆರವಾಡೆ ಪುಣೆಯಲ್ಲಿ ಮೂರು ದಿನದ ತರಬೇತಿ ಮುಗಿಸಿಕೊಂಡು ಬಂದ. ಒಬ್ಬರ ತಲೆಯಲ್ಲಿರುವ ತಿಳಿವಳಿಕೆ ಸಂಸ್ಥೆಯ ಆಸ್ತಿಯಲ್ಲ, ಕಾಗದಕ್ಕಿಳಿದರೆ ಮಾತ್ರ ಆಸ್ತಿ ಎಂದು ಸಭೆಯಲ್ಲಿ ಹೇಳಿದ. ಮಾತು ತಪ್ಪೇನಲ್ಲ. ಮುದುಕಿ ನಾಳೆ ಕಣ್ಣು ಮುಚ್ಚಿದರೆ ನಮ್ಮ ಮಾಲೆಲ್ಲ ಭೂಮಿತಾಯಿಯ ಪಾಲು. ಎರಡು ದಿನ ಅವಳೆದುರು ಕೂತು ಬರೆದ. ಕೇಳಿದ್ದಕ್ಕೆಲ್ಲ ಅವಳು ಉತ್ತರ ಕೊಟ್ಟಳು. ಪುಸ್ತಕಕ್ಕೆ ರಟ್ಟು ಬಿತ್ತು. ಪುಸ್ತಕ ಇರುವಾಗ ಮುದುಕಿ ಯಾಕೆ ಎಂಬ ಠರಾವೂ ಬಂತು. ನಾನೂ ಕೈ ಎತ್ತಿದೆ. ಸೀರೆ, ತೆಂಗಿನಕಾಯಿ ಕೊಟ್ಟು ಮಿರಜದ ಮಗಳ ಮನೆಗೆ ಅವಳನ್ನು ಕಳಿಸಿದೆವು.

ದೀಪಾವಳಿಗೆ ಮುಂಚೆ ನನ್ನ ಅಹಮದಾಬಾದಿನ ಖರೀದಿದಾರ ಲಾರಿ ಕಳಿಸಿದ. ಶುಕ್ರವಾರದೊಳಗೆ ಮಾಲು ಮೇಲೆ ಬರದಿದ್ದರೆ ನಿಜಾಮಾಬಾದಿಗೆ ಹೋಗುತ್ತೇನೆ, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂದು ಮೊದಲೇ ಹೇಳಿದ್ದ.

ಬುಧವಾರ ಆರವಾಡೆ ಪುಸ್ತಕ ಬಿಡಿಸಿದ. ನನ್ನ ಹಗೇವಿನ ವಿಳಾಸ: ಶಿಂದೆಯ ಎಮ್ಮೆ ಮಲಗುವ ಜಾಗದಿಂದ ಹೊಳೆಯ ಕಡೆಗೆ ಹದಿನೆಂಟು ಹೆಜ್ಜೆ. ಬಯಲಿನ ಪಕ್ಕದ ಮನೆಯ ಶಿಂದೆ ಆ ಎಮ್ಮೆಯನ್ನು ಮಾರಿ ಮೂರು ತಿಂಗಳಾಗಿತ್ತು. ಹೊಸದು ತನ್ನಿಚ್ಛೆ ಬಂದಲ್ಲಿ ಮಲಗುತ್ತಿತ್ತು. ಹೆಜ್ಜೆ ಯಾರದೆಂದೂ ಬರೆದಿರಲಿಲ್ಲ. ಆರವಾಡೆ ಆರಡಿಯ ಆಳು, ಹೌಸಾಬಾಯಿ ಅವನ ಎದೆಮಟ್ಟ. ಸಂಜೆಯ ಹೊತ್ತಿಗೆ ಮೂರು ಗುಂಡಿ ತೋಡಿದ್ದೆವು, ಮೂರರಲ್ಲೂ ಬರೀ ಮಣ್ಣು. ಶಿಂದೆ ಬಂದು ನೋಡಿ, ಬಾಳೆ ಹಚ್ಚುವುದಾದರೆ ಇನ್ನೊಂದು ಸಾಲು ತೋಡಿರಿ ಎಂದು ಸಲಹೆ ಕೊಟ್ಟು ಹೋದ.

ಗುರುವಾರ ಬೆಳಿಗ್ಗೆ ನಾನು ಮಿರಜಕ್ಕೆ ಹೋದೆ. ಹೌಸಾಬಾಯಿ ಜೋಳದ ಭಾಕರಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಪುಸ್ತಕ ಏನ್ ಅಂತೈತ್ರಿ, ಶೇಠಜಿ?"

"ಎಮ್ಮಿ ಕೇಳ್ತೈತಿ, ಮಾವಶಿ."

ಭಾಕರಿಯ ಜೊತೆ ಹಸಿಮೆಣಸಿನ ಠೆಚಾ ಚಟ್ನಿ ಎಷ್ಟು ಬಡಿಸಿದಳೆಂದರೆ, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಕ್ಷಮೆಯ ಮಾತು ಬಾಯಲ್ಲೇ ಸುಟ್ಟುಹೋಯಿತು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಸಮಾಧಾನವಾಯಿತೋ ಏನೋ, ಸೆರಗು ಸಿಕ್ಕಿಸಿಕೊಂಡು ಹೊರಟಳು.

ಬಯಲಿಗೆ ಬಂದವಳೇ ಚಪ್ಪಲಿ ಬಿಟ್ಟು, ಹಿಮ್ಮಡಿಯಿಂದ ನೆಲ ಗುದ್ದುತ್ತ, ಸದ್ದು ಆಲಿಸುತ್ತ ನಡೆದಳು. ಒಂದು ಕಡೆ ನಿಂತಳು. ನಮ್ಮ ಮೂರನೇ ಗುಂಡಿಯಿಂದ ಅದು ನಾಲ್ಕು ಮಾರು ದೂರವಿತ್ತು. ಅಗೆದರೆ ಹಗೇವಿನ ಬಾಯಿಯ ಕಲ್ಲು ಸಿಕ್ಕಿತು.

"ಮತ್ತ ನನಗ್ಯಾಕ ಎಮ್ಮಿ ಗುರುತು ಹೇಳಿದ್ರಿ, ಮಾವಶಿ?" ಆರವಾಡೆಯ ದನಿಯಲ್ಲಿ ಅಳುವೇ ಇತ್ತು.

"ಎಲ್ಲೈತಿ ಅಂತ ಕೇಳಿದಿ, ಹೇಳಿದ್ನಿ. ನನಗ ಹೆಂಗ ಗೊತ್ತಾಗತೈತಿ ಅಂತ ಕೇಳಲೇ ಇಲ್ಲಲ್ಲೋ ತಮ್ಮಾ."

ಲಾರಿಯ ಆತುರ ನನಗೆ. ಕಲ್ಲು ಸರಿಸಿದ್ದೇ ಧೋತರ ಎತ್ತಿ ಕಟ್ಟಿ ಏಣಿಗೆ ಕಾಲಿಟ್ಟೆ. ಹೌಸಾಬಾಯಿ ಹಿಂದಿನಿಂದ ಧೋತರದ ಕಚ್ಚೆ ಹಿಡಿದು ಜಗ್ಗಿದಳು. ಹಮಾಲರೆಲ್ಲ ನಕ್ಕರು. ಅವಳು ಕಂದೀಲು ಹಚ್ಚಿ, ಹಗ್ಗ ಕಟ್ಟಿ ಒಳಗೆ ಇಳಿಬಿಟ್ಟಳು. ಒಂದಾಳುದ್ದ ಇಳಿಯುತ್ತಲೇ ದೀಪ ಚಿವುಟಿದಂತೆ ಆರಿತು. ನಗುವೂ ಆರಿತು.

"ಏಳ್ ತಿಂಗಳ ಬಾಯಿ ಮುಚ್ಚಿತ್ತು, ಒಳಗಿನ ಗಾಳಿ ವಿಷ ಆಗೇತಿ. ಮುಂಜಾನಿ ತನಕ ಉಸುರಾಡ್ಲಿ ಬಿಡ್ರಿ," ಎಂದಳು.

ಆರವಾಡೆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದ. ಕಂದೀಲಿನ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ದೀಪ ತಳದವರೆಗೂ ಉರಿಯಿತು. ಸಂಜೆಗೆ ಲಾರಿ ತುಂಬಿಕೊಂಡು ಹೋಯಿತು. ಹೌಸಾಬಾಯಿ ಈಗ ಮತ್ತೆ ಕೆಲಸದಲ್ಲಿದ್ದಾಳೆ. ಅವಳ ಹಿಂದೆ ಬರಿಗಾಲಲ್ಲಿ ಇಬ್ಬರು ಹೆಂಗಸರು ನೆಲ ಗುದ್ದುತ್ತ ಕಲಿಯುತ್ತಾರೆ. ಅವರ ಹಿಂದೆ ಆರವಾಡೆ, ತಾನೂ ಹಿಮ್ಮಡಿ ಗುದ್ದಿ ನೋಯಿಸಿಕೊಂಡು, ಬರೆಯುತ್ತ, ಕುಂಟುತ್ತ.

ಆ ದಿನ ಮಾಲು ಉಳಿದದ್ದು ಹೌಸಾಬಾಯಿಯಿಂದ. ನಾನು ಉಳಿದದ್ದೂ ಅವಳಿಂದಲೇ. ನನ್ನ ಜೀವಕ್ಕೆ ನಾನು ಅವಳಿಗೆ ಋಣಿ.