ಮೇಲಟ್ಟದ ಬಾಗಿಲು ನನಗೆ ಮಾತ್ರ ತೆರೆಯಿತು

ಕಳೆದ ವರ್ಷ ಬೇಸಿಗೆ ರಜೆಗೆ ಸ್ವಲ್ಪ ಮುಂಚೆ ನಡೆದದ್ದು ಇದು. ನಮ್ಮ ಭಾಗದ ಪ್ರೌಢಶಾಲೆಗಳ ಕಂಪ್ಯೂಟರುಗಳಿಗೆ ಕನ್ನಡದ ಒಂದು ಒಳ್ಳೆಯ ಗೇಮ್ ಆರಿಸಿ ಹಾಕಿಸಬೇಕೆಂದು ನಾವು ಮೂವರು ಸೇರಿ ಸಣ್ಣ ಸಮಿತಿಯೊಂದನ್ನು ಮಾಡಿಕೊಂಡಿದ್ದೆವು. ನಾನು ತುರುವೇಕೆರೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ಜಾತಿ ತಾರತಮ್ಯದ ವಿರುದ್ಧ ಧರಣಿ ಕೂತವಳು. ಪಠ್ಯದಲ್ಲಿ ಹೆಣ್ಣುಮಕ್ಕಳನ್ನು ಕೀಳಾಗಿ ಚಿತ್ರಿಸಿದರೆ ಸಾಲು ಸಾಲಾಗಿ ಎತ್ತಿ ತೋರಿಸಿ ಪತ್ರ ಬರೆದವಳು. ತಪ್ಪನ್ನು ತಪ್ಪೆಂದು ಹೆಸರಿಟ್ಟು ಕರೆಯುವುದೇ ಬದಲಾವಣೆಯ ಮೊದಲ ಹೆಜ್ಜೆ ಎಂದು ನಂಬಿದ್ದೆ. ಹಾಗಾಗಿ ಗೇಮ್‌ಗಳ ವಿನ್ಯಾಸ ಪರಿಶೀಲಿಸಿ ವರದಿ ಬರೆಯುವ ಹೊಣೆಯನ್ನು ನನಗೇ ವಹಿಸಿದರು.

ಕೊನೆಗೆ ಉಳಿದದ್ದು ಎರಡು. ಒಂದು, ಹೊರಗಿನವರು ಕಳಿಸಿದ್ದು: ಅನ್ಯಗ್ರಹದವರನ್ನು ಗುಂಡಿಕ್ಕಿ ಕೊಂದು ಅವರ ನೆಲ ವಶಪಡಿಸಿಕೊಳ್ಳುವ ಆಟ. ಇನ್ನೊಂದು, ಕಿಬ್ಬನಹಳ್ಳಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಸವಿತಾ ಮಾಡಿದ್ದು. ಸವಿತಾಗೆ ಮೂವತ್ತರ ಆಸುಪಾಸು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ವಿಡಿಯೊ ನೋಡಿ ನೋಡಿ ಕಲಿತು, ನಾಲ್ಕು ವರ್ಷ ಒಬ್ಬಳೇ ಕೂತು ಕಟ್ಟಿದ ಗೇಮ್ ಅದು. ಶಾಲೆಗಳಿಗೆ ಆಯ್ಕೆಯಾದರೆ ಉಳಿದ ಭಾಗವನ್ನೂ ಮುಗಿಸುತ್ತೇನೆ, ಆಗದಿದ್ದರೆ ಇಲ್ಲಿಗೇ ಕೈಬಿಡುತ್ತೇನೆ ಎಂದು ಮೊದಲೇ ಹೇಳಿದ್ದಳು. ಇಷ್ಟು ವರ್ಷ ಮಾಡಿದ್ದನ್ನು ಒಬ್ಬರೂ ನೋಡದಿದ್ದರೆ ಮುಂದೆ ಕೈ ಓಡುವುದಿಲ್ಲ ಎಂಬುದು ಅವಳ ಮಾತು.

ಆಟದ ಹೆಸರು 'ಮೇಲಟ್ಟ'. ಭೂಮಿ ಬರಡಾದ ಮೇಲೆ ಜನ ಒಂದು ಉದ್ದನೆಯ ಆಕಾಶನೌಕೆಯೊಳಗೆ ತೆಂಗು ಬೆಳೆದುಕೊಂಡು ಬದುಕುತ್ತಿದ್ದಾರೆ. ಆಡುವವರು ಮೊದಲಿಗೆ ಒಂದು ಪಾತ್ರ ಆರಿಸಿಕೊಳ್ಳಬೇಕು: ನೀರು ಬಿಡುವವರು, ಸುಲಿಯುವವರು, ಅಟ್ಟದವರು. ಆಮೇಲೆ ನೌಕೆಯ ಮೇಲ್ತುದಿಯಲ್ಲಿರುವ ಮೇಲಟ್ಟವನ್ನು ತಲುಪಬೇಕು. ಅಟ್ಟ ನಮ್ಮ ಕಡೆಯವರಿಗೆ ಹೊಸದಲ್ಲ. ಕಾಯಿ ವರ್ಷವಿಡೀ ಅದರ ಮೇಲೆ ಒಣಗಿ ಕೊಬ್ಬರಿಯಾಗಬೇಕು. ಅಟ್ಟದ ಏಣಿ ಇರುವುದು ನಡುಮನೆಯಲ್ಲಿ. ಕಾಯಿ ಸುಲಿದು ಚಿಪ್ಪು ಒಡೆಯುವವರು ಕೂರುವುದು ಅಂಗಳದಲ್ಲಿ. ಸವಿತಾಳ ತಾಯಿ ಕೆಂಪಮ್ಮ ಬೇರೆಯವರ ಅಂಗಳಗಳಲ್ಲಿ ಜೀವಮಾನವೆಲ್ಲ ಚಿಪ್ಪು ಒಡೆದಿದ್ದರೂ ಒಂದು ಅಟ್ಟವನ್ನೂ ಕಂಡವರಲ್ಲ. ಏಕೆಂದರೆ ಅವರ ಜಾತಿಯವರನ್ನು ನಡುಮನೆಗೆ ಬಿಡುತ್ತಿರಲಿಲ್ಲ. ಹೊನ್ನವಳ್ಳಿಯ ನಮ್ಮ ಅಜ್ಜಿಯ ಮನೆಯಲ್ಲೂ ಬಿಡುತ್ತಿರಲಿಲ್ಲ ಎಂಬುದನ್ನು ನಾನಿಲ್ಲಿ ಮುಚ್ಚಿಡಬಾರದು.

ಆಟ ಸವಿತಾಳ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇದ್ದುದರಿಂದ ಎರಡು ಮಧ್ಯಾಹ್ನ ಅವಳ ಅಂಗಡಿಯಲ್ಲೇ ಕೂತು ಆಡಿದೆ. ಸಮಿತಿಯ ಇನ್ನಿಬ್ಬರೂ ಅದಕ್ಕೆ ಮೊದಲೇ ಬಂದು ಆಡಿ ಹೋಗಿದ್ದರು. ಹೊರಗೆ ಬಸ್ಸುಗಳ ಸದ್ದು, ಒಳಗೆ ಜೆರಾಕ್ಸ್ ಯಂತ್ರದ ಬಿಸಿ. ಕೆಂಪಮ್ಮ ಬಾಗಿಲ ಬಳಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಆಟ ಹೇಗಿದೆಯಮ್ಮ ಎಂದು ಕೇಳಿದ್ದಕ್ಕೆ ನಕ್ಕರು.

"ಆಕಾಸದಾಗೂ ನಮ್ ಕೈಲಿ ಕಾಯಿ ಸುಲಿಸ್ತಾಳೆ ಕಣವ್ವ ಇವ್ಳು. ಅಲ್ಗೋದ್ರೂ ಬುಡಲ್ಲ ನಮ್ಮನ್ನ."

"ನೀನ್ ಸುಮ್ನಿರವ್ವ, ಅಕ್ಕ ಆಡ್ತಾವ್ರೆ," ಎಂದಳು ಸವಿತಾ.

ಮೊದಲ ದಿನ ಸುಲಿಯುವವಳ ಪಾತ್ರದಲ್ಲಿ ಆಡಿದೆ. ಎಷ್ಟು ದುಡಿದರೂ, ಎಷ್ಟು ಕೌಶಲ ಗಳಿಸಿದರೂ ಮೇಲಟ್ಟದ ಬಾಗಿಲು ತೆರೆಯಲಿಲ್ಲ. 'ಕಾಯಿ ಕೆಳಗೇ ಬರುತ್ತದೆ, ಅಲ್ಲೇ ಇರು' ಎಂಬ ಸಾಲು ಪರದೆಯ ಮೇಲೆ ಮತ್ತೆ ಮತ್ತೆ ಮೂಡಿತು. ನನಗೆ ಸಿಟ್ಟೇ ಬಂತು. ಎರಡನೆಯ ದಿನ ಅಟ್ಟದವಳ ಪಾತ್ರ ಆರಿಸಿಕೊಂಡೆ. ಬಾಗಿಲ ಪಕ್ಕದಲ್ಲಿ ಚಿಪ್ಪು ಒಡೆಯುತ್ತಿದ್ದ ಒಬ್ಬ ಮುದುಕಿ ಏನೋ ಮಾತಾಡಿದಳು. ಗುಂಡಿ ಒತ್ತಿ ಆ ಮಾತನ್ನು ಪೂರ್ತಿ ನೋಡದೆ ಮುಂದಕ್ಕೆ ಸರಿಸಿದೆ. ಬಾಗಿಲು ತಾನಾಗಿ ತೆರೆಯಿತು; ಒಳಗೆ ಹೋದೆ. ಒಳಗೆ ಒಂದು ಖಾಲಿ ಕೋಣೆ, ಅದರ ಗೋಡೆಯ ಮೇಲೆ 'ನೀನು ಗೆದ್ದೆ' ಎಂಬ ಬರಹ. ಆಟ ಮುಗಿದಿತ್ತು. ಬೆನ್ನ ಹಿಂದೆ ನಿಂತು ನೋಡುತ್ತಿದ್ದ ಸವಿತಾ ಕಾಗದದ ಕಟ್ಟು ಬಿಚ್ಚಲು ಹೋದಳು.

ಹನ್ನೊಂದು ಪುಟದ ವರದಿ ಬರೆದೆ. ಹುಟ್ಟಿನಿಂದ ಬಂದ ಅಸಮಾನತೆಯನ್ನು ಈ ವಿನ್ಯಾಸವು ಬದಲಾಗದ ನಿಯಮವೆಂಬಂತೆ ತೋರಿಸುತ್ತದೆ, ಶ್ರಮಕ್ಕೆ ಫಲವಿಲ್ಲವೆಂದು ಮಕ್ಕಳಿಗೆ ಕಲಿಸುತ್ತದೆ, ದುಡಿಯುವವರ ಬಾಯಿಗೆ ಮಾತ್ರ ಹಳ್ಳಿಯ ಮಾತು, ಅಟ್ಟದವರಿಗೆ ಪುಸ್ತಕದ ಭಾಷೆ, ಮುಕ್ತಾಯ ಅಪೂರ್ಣ. ಪ್ರತಿ ಆಕ್ಷೇಪಕ್ಕೂ ಆಧಾರ ಕೊಟ್ಟಿದ್ದೆ. ಗುಂಡಿನ ಆಟದ ಬಗ್ಗೆಯೂ ಕಟುವಾಗಿಯೇ ಬರೆದಿದ್ದೆ. ಆದರೆ ಅದಕ್ಕೆ ಎರಡೇ ಪುಟ ಸಾಕಾಗಿತ್ತು. ಸಮಿತಿ ಕಡಿಮೆ ದೋಷದ್ದನ್ನು, ಅಂದರೆ ಗುಂಡಿನ ಆಟವನ್ನು, ಆರಿಸಿತು.

ಟೀಕೆಯನ್ನು ಮುಖಕ್ಕೆ ಮುಖ ಕೊಟ್ಟು ಹೇಳಬೇಕೆಂಬುದು ನನ್ನ ನಿಯಮ. ವರದಿಯ ಪ್ರತಿಯನ್ನು ನಾನೇ ಕಿಬ್ಬನಹಳ್ಳಿಗೆ ಒಯ್ದು ಕೊಟ್ಟೆ. ಸವಿತಾ ನಿಂತುಕೊಂಡೇ ಹನ್ನೊಂದೂ ಪುಟ ಓದಿದಳು. ನಡುವೆ ಆಧಾರ್ ಪ್ರತಿ ಮಾಡಿಸಲು ಬಂದವರಿಗೆ ಪ್ರತಿ ಮಾಡಿಕೊಟ್ಟು ಮತ್ತೆ ಓದಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಬಾಗ್ಲತ್ರ ಒಬ್ಳು ಅಜ್ಜಿ ಕುಂತಿದ್ಲಲ್ಲ ಅಕ್ಕ, ಅವ್ಳು ನಿಮಗೇನಂದ್ಲು?"

ನನಗೆ ನೆನಪಾಗಲಿಲ್ಲ. ಅವಳ ಮಾತಿನ ರೀತಿಯ ಬಗ್ಗೆ ಅರ್ಧ ಪುಟ ಬರೆದಿದ್ದೆ; ಅವಳು ಆಡಿದ ಮಾತು ಯಾವುದೆಂದು ಗೊತ್ತಿರಲಿಲ್ಲ.

"'ಒಳೀಕ್ ಹೋಗ್ಬೇಡ ಕಣವ್ವ, ವಸಿ ಹೊತ್ತು ನಮ್ ಜೊತೆ ಕುಂತ್ಕ' ಅಂತಾಳೆ," ಎಂದಳು ಸವಿತಾ. "ಅಟ್ಟದೋರು ಆ ಮಾತ್ ಕೇಳಿ ಬಾಗ್ಲ ಆಚೆಗೇ ಕುಂತ್ಕಂಡ್ರೆ, ಒಂದ್ ಕುಕ್ಕೆ ಚಿಪ್ಪು ಒಡೆಯೋ ಹೊತ್ತಿಗೆ ಬಾಗ್ಲು ಎಲ್ಲರ್ಗೂ ತೆರ್ಕಂತದೆ. ನಿಜವಾದ ಆಟ ಸುರುವಾಗಾದೇ ಅಲ್ಲಿಂದ. ಸುಲಿಯೋರು ಎಷ್ಟ್ ಬಡ್ಕಂಡ್ರೂ ತೆಗೆಯಲ್ಲ ಅದು. ನಮ್ಮವ್ವ ಬಡ್ಕಂಡಿಲ್ವಾ?"

ಅವಳ ದನಿಯಲ್ಲಿ ಕೋಪವಿರಲಿಲ್ಲ.

"ಮೂರ್ ಜನಾನೂ ಒಳೀಕ್ ಹೋದ್ರಿ ಅಕ್ಕ. ನೀವಾದ್ರೂ ಕೂರ್ತೀರ ಅನ್ಕಂಡಿದ್ದೆ."

ಅಂಥ ಸುಳಿವು ಆಡುವವರಿಗೆ ಸ್ಪಷ್ಟವಾಗಿ ಕಾಣಬೇಕು, ಇದು ವಿನ್ಯಾಸದ ಕೊರತೆಯೇ ಅಲ್ಲವೇ ಎಂದು ವಾದಿಸಬಹುದಿತ್ತು. ಆ ವಾದ ನಾಲಗೆಯ ತುದಿಯವರೆಗೆ ಬಂದದ್ದೂ ನಿಜ. ಆದರೆ ಸುಳಿವು ಅಲ್ಲೇ ಇತ್ತು, ಒಬ್ಬ ಮುದುಕಿ ಬಾಯಿಬಿಟ್ಟು ಹೇಳುತ್ತಿದ್ದಳು. ನಾನು ಗುಂಡಿ ಒತ್ತಿ ಅವಳ ಬಾಯಿ ಮುಚ್ಚಿಸಿದ್ದೆ.

ಅಲ್ಲಿಂದ ಬಸ್ಸು ಹಿಡಿದು ನೇರವಾಗಿ ತಿಪಟೂರಿಗೆ ಹೋದೆ. ಸಮಿತಿಯ ಹಿರಿಯರು ಅಲ್ಲಿದ್ದರು, ನಿವೃತ್ತ ಮುಖ್ಯೋಪಾಧ್ಯಾಯರು. ವರದಿಯನ್ನು ಹಿಂದಕ್ಕೆ ಪಡೆಯುತ್ತೇನೆ, ನಾನು ಆಟವನ್ನು ಸರಿಯಾಗಿ ಆಡಲೇ ಇಲ್ಲ ಎಂದು ಹೇಳಿದೆ. ಅವರು ಸಮಾಧಾನದಿಂದಲೇ ಕೇಳಿಸಿಕೊಂಡರು. ಶಾಲೆಗಳಿಗೆ ಪತ್ರ ಹೋಗಿಯಾಗಿತ್ತು. ಇನ್ನೊಂದು ಆಟವನ್ನು ಕೆಲವು ಕಡೆ ಹಾಕಿಯೂ ಆಗಿತ್ತು.

"ಯಾಕ್ ಮೇಡಂ ಬೇಜಾರ್ ಮಾಡ್ಕಂತೀರಿ? ನಾನೂ ಆಡಿ ನೋಡಿದ್ನಲ್ಲ. ನೀವ್ ಬರ್ದಿರೋದ್ರಲ್ಲಿ ಒಂದ್ ಅಕ್ಷರನೂ ತಪ್ಪಿಲ್ಲ ಕಣ್ರೀ," ಎಂದರು.

ಅವರು ನನ್ನನ್ನು ಸಂತೈಸಲೆಂದೇ ಹಾಗೆ ಹೇಳಿದ್ದು. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾರೂ ನನಗೆ ಕೊಟ್ಟಿಲ್ಲ.

ಎರಡು ವಾರ ಧೈರ್ಯ ಸಾಲಲಿಲ್ಲ. ಕೊನೆಗೆ ಒಂದು ಭಾನುವಾರ ಅಂಗಡಿಗೆ ಹೋಗಿ, ಇನ್ನೊಮ್ಮೆ ಆಡಲು ಕೊಡು, ಬೇರೆಡೆಗೆ ಶಿಫಾರಸು ಮಾಡಿ ಬರೆಯುತ್ತೇನೆ ಎಂದು ಕೇಳಿಕೊಂಡೆ. ಸವಿತಾ ಯಾರದೋ ಪಹಣಿ ಮುದ್ರಿಸುತ್ತಿದ್ದಳು. ಆಟವನ್ನು ಅಳಿಸಿಬಿಟ್ಟೆ ಎಂದಳು. ಲ್ಯಾಪ್‌ಟಾಪ್ ನಿಧಾನವಾಗುತ್ತಿತ್ತಂತೆ, ಅದೊಂದೇ ಅಷ್ಟು ಜಾಗ ತಿನ್ನುತ್ತಿತ್ತಂತೆ. ಬೇರೆ ಕಡೆ ಪ್ರತಿ ಇಟ್ಟಿಲ್ಲವೇ ಎಂದೆ. ಇಲ್ಲವೆಂದು ತಲೆಯಾಡಿಸಿದಳು.

ತಪ್ಪು ಮಾಡಿದ್ದು ನಾನೊಬ್ಬಳೇ ಅಲ್ಲ. ದೋಷಗಳನ್ನು ಎಣಿಸಿ ತೂಗಿದ ಸಮಿತಿಯದೂ ತಪ್ಪು. ನಡುಮನೆಯ ಏಣಿಯನ್ನು ತಲೆಮಾರುಗಟ್ಟಲೆ ಕಾದುಕೊಂಡ ನಮ್ಮಂಥ ಮನೆಗಳದಂತೂ ತಪ್ಪೆಂಬ ಪದಕ್ಕೆ ಮೀರಿದ್ದು. ಹೀಗೆ ಒಂದೊಂದನ್ನೂ ಹೆಸರಿಸುವುದು ನನಗೆ ಈಗಲೂ ಬರುತ್ತದೆ. ಹೆಸರಿಸಿ ಮುಗಿಸಿದ ಮೇಲೆ ನಾನು ಎಲ್ಲಿ ನಿಂತಿರುತ್ತೇನೆ ಎಂಬುದು ಮಾತ್ರ ಈಗ ಗೊತ್ತಾಗಿದೆ. ಒಳಗೆ, ಆ ಖಾಲಿ ಕೋಣೆಯಲ್ಲಿ. ಕಲಿತೆ ಎನ್ನಲು ನಾಚಿಕೆಯಾಗುತ್ತದೆ, ಏಕೆಂದರೆ ಆ ಕಲಿಕೆಗೆ ತೆತ್ತದ್ದು ನನ್ನದೇನೂ ಅಲ್ಲ.

ಅವತ್ತು ಅಂಗಡಿಯಿಂದ ಹೊರಡುವಾಗ ಕೇಳಿದ್ದೆ, ಇನ್ನೊಂದು ಗೇಮ್ ಮಾಡುವುದಿಲ್ಲವೇ ಸವಿತಾ ಎಂದು.

ಅವಳು ಮುದ್ರಿಸಿದ ಹಾಳೆಗಳನ್ನು ಜೋಡಿಸಿ ಪಿನ್ ಹೊಡೆದಳು. "ಯಾರ್ಗೆ ಮಾಡ್ಲಿ ಅಕ್ಕ?" ಎಂದಳು.

ನನಗೆ ಮಾಡು ಎಂದು ಹೇಳಲು ಆಗ ನನ್ನ ನಾಲಗೆ ಏಳಲಿಲ್ಲ. ಇವತ್ತಿಗೂ ಎದ್ದಿಲ್ಲ.